ಉತಾರದ ಪುಟದ ಹಿಂದಿನ ಯಂತ್ರ: ವಿಂಡೋಸ್ ಸರ್ವರ್ ಮೇಲೆ ಎಎಸ್‌ಪಿ ಡಾಟ್ ನೆಟ್

ತಾಳಿಕೋಟೆ ಎಂದೊಡನೆ ಓದುಗರಿಗೆ ನೆನಪಾಗುವುದು 1565ರ ಕದನ. ಆದರೆ ಡೋಣಿ ನದಿಯ ದಂಡೆಯ ಎರೆಭೂಮಿಯನ್ನು ಊರಲ್ಲಿ ಬಿಟ್ಟು ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆಸಿದವರಿಗೆ ತಾಳಿಕೋಟೆ ಎಂದರೆ ಹೊಲದ ಸರ್ವೆ ನಂಬರು. ದಕ್ಷಿಣದವರು ಪಹಣಿ ಎನ್ನುವುದನ್ನು ಇಲ್ಲಿನವರು ಉತಾರ ಎನ್ನುತ್ತಾರೆ. ಅದನ್ನು ಪಡೆಯಲು ಇಂದು ಊರಿಗೆ ಹೋಗಬೇಕಾಗಿಲ್ಲ; ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಆರಿಸಿದರೆ ಪರದೆಯ ಮೇಲೆ ಮೂಡುತ್ತದೆ. ಒಮ್ಮೊಮ್ಮೆ ಮೂಡುವುದಿಲ್ಲ ಎಂಬುದೂ ಎಲ್ಲರ ಅನುಭವ. ಈ ಪುಟದ ಹಿಂದಿರುವ ವ್ಯವಸ್ಥೆ ಯಾವುದು, ಅದನ್ನು ಸ್ಥಾಪಿಸುವ ಬಗೆ ಹೇಗೆ, ಅದರ ಆಯುಷ್ಯವೆಷ್ಟು ಎಂಬುದರ ವಿವರ ಇಲ್ಲಿದೆ.

ಹಿನ್ನೆಲೆ

ಕರ್ನಾಟಕದ 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದುವರೆಗೆ ಈ ದಾಖಲೆಗಳು ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ರಾಷ್ಟ್ರೀಯ ಮಾಹಿತಿ ಕೇಂದ್ರವು ರೂಪಿಸಿದ ತಂತ್ರಾಂಶವು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಸರ್ವರ್ ಹಾಗೂ ಎಸ್‌ಕ್ಯೂಎಲ್ ಸರ್ವರ್ ಮೇಲೆ ನಿಂತಿತ್ತು. ತಾಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ದೊರೆಯುತ್ತಿತ್ತು.

ಮುಂದೆ ದಾಖಲೆ ಅಂತರ್ಜಾಲಕ್ಕೆ ಬಂದಿತು. ಭೂದಾಖಲೆಯ ಪುಟಗಳ ವಿಳಾಸದ ತುದಿಯಲ್ಲಿ ಕಂಡುಬಂದಿರುವ 'ಎಎಸ್‌ಪಿಎಕ್ಸ್' ಎಂಬ ಅಕ್ಷರಗಳು ಅದರ ಜಾತಕವನ್ನು ಹೇಳುತ್ತವೆ. ಅದು ಎಎಸ್‌ಪಿ ಡಾಟ್ ನೆಟ್ ಎಂಬ ಫ್ರೇಮ್‌ವರ್ಕ್‌ನ ಗುರುತು. ಫ್ರೇಮ್‌ವರ್ಕ್ ಎಂದರೆ ಲಾಗಿನ್, ಅರ್ಜಿ ನಮೂನೆ, ದತ್ತಸಂಚಯದ ಸಂಪರ್ಕ ಮೊದಲಾದ ಸಾಮಾನ್ಯ ಕೆಲಸಗಳಿಗೆ ಸಿದ್ಧವಾಗಿರುವ ಚೌಕಟ್ಟು. 2002ರಲ್ಲಿ ಬಿಡುಗಡೆಯಾದ ಇದು ವಿಂಡೋಸ್ ಸರ್ವರ್‌ನೊಳಗಿನ ಐಐಎಸ್ ಎಂಬ ಜಾಲ ಸೇವಕದ ಅಡಿಯಲ್ಲಿ ಓಡುತ್ತದೆ. ಮನೆಯ ಗಣಕದಲ್ಲಿ ವಿಂಡೋಸ್ ಬಳಸಿ ಪರಿಚಿತರಾದವರಿಗೆ ಸರ್ವರ್‌ನ ಕಿಟಕಿಗಳೂ ಪರಿಚಿತವೆನಿಸುತ್ತವೆ. ಅದು ಅನುಕೂಲವೂ ಹೌದು, ಮೈಮರೆವಿಗೆ ಕಾರಣವೂ ಹೌದು.

ಸ್ಥಾಪನೆಯ ಹಂತಗಳು

ಮೊದಲನೆಯದಾಗಿ, ಸರ್ವರ್‌ಗೆ ಐಐಎಸ್ ಅನ್ನು ಸೇರಿಸಿ, ಅನಂತರ ಫ್ರೇಮ್‌ವರ್ಕ್ ಅನ್ನು ಸ್ಥಾಪಿಸಬೇಕು. ಈ ಕ್ರಮ ತಪ್ಪಿದರೆ ಎರಡಕ್ಕೂ ಪರಸ್ಪರ ಪರಿಚಯವಾಗದೆ ಪುಟ ತೆರೆಯುವುದಿಲ್ಲ. ಹಳೆಯ ಆವೃತ್ತಿಗಳಲ್ಲಿ ಮರುನೋಂದಣಿ ಆದೇಶವನ್ನೂ, ಹೊಸ ಆವೃತ್ತಿಗಳಲ್ಲಿ ದುರಸ್ತಿ ಆಯ್ಕೆಯನ್ನೂ ಬಳಸಬೇಕಾಗುತ್ತದೆ.

ಎರಡನೆಯದಾಗಿ, ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ 'ಅಪ್ಲಿಕೇಶನ್ ಪೂಲ್' ಕೊಡಬೇಕು. 2003ರ ವಿಂಡೋಸ್ ಸರ್ವರ್‌ನೊಂದಿಗೆ ಬಂದ ಈ ಏರ್ಪಾಟಿನಿಂದ ಒಂದು ತಂತ್ರಾಂಶ ಕುಸಿದರೂ ನೆರೆಯದು ಕುಸಿಯುವುದಿಲ್ಲ. ಆ ಪೂಲ್‌ಗೆ ಕಡತಗಳನ್ನು ಓದುವ ಅಧಿಕಾರ ಸಾಕು. ಬರೆಯುವ ಅಧಿಕಾರ ಅಗತ್ಯವಿರುವ ಕಡತಕೋಶಕ್ಕೆ ಮಾತ್ರ ಇರಲಿ.

ಮೂರನೆಯದಾಗಿ, 'ವೆಬ್ ಡಾಟ್ ಕಾನ್ಫಿಗ್' ಕಡತದ ಪರಿಶೀಲನೆ. ಡೀಬಗ್ ಸ್ಥಿತಿಯನ್ನು ಆರಿಸಬೇಕು. ದೋಷದ ಪೂರ್ಣ ವಿವರ ಹೊರಗಿನವರಿಗೆ ಕಾಣದಂತೆ ಮಾಡಬೇಕು. ದತ್ತಸಂಚಯದ ಗುಪ್ತಪದವನ್ನು ಗೂಢಲಿಪೀಕರಿಸಬೇಕು. ದತ್ತಸಂಚಯ ಬೇರೊಂದು ಯಂತ್ರದಲ್ಲಿದ್ದು, ಅದರ ಬಾಗಿಲು ಈ ಸರ್ವರ್‌ಗೆ ಮಾತ್ರ ತೆರೆದಿರಬೇಕು.

ನಾಲ್ಕನೆಯದಾಗಿ, ಬಳಕೆದಾರನ ಸೆಷನ್. ಅರ್ಜಿಯನ್ನು ಅರ್ಧ ತುಂಬಿದಾಗ 'ಸೆಷನ್ ಮುಗಿದಿದೆ' ಎಂಬ ಸಂದೇಶ ಬರುವುದೇಕೆ? ಬಳಕೆದಾರನ ಮಾಹಿತಿಯನ್ನು ಎಎಸ್‌ಪಿ ಡಾಟ್ ನೆಟ್ ಸಾಮಾನ್ಯವಾಗಿ ಸರ್ವರ್‌ನ ಸ್ಮೃತಿಯಲ್ಲಿಯೇ ಇರಿಸಿಕೊಳ್ಳುತ್ತದೆ. 20 ನಿಮಿಷ ಯಾವ ಚಲನೆಯೂ ಇಲ್ಲದಿದ್ದರೆ ಅದು ಅಳಿಯುತ್ತದೆ. ಐಐಎಸ್ ಕೂಡ ಮೂಲ ಹೊಂದಾಣಿಕೆಯಂತೆ 1740 ನಿಮಿಷಗಳಿಗೊಮ್ಮೆ, ಅಂದರೆ 29 ಗಂಟೆಗಳಿಗೊಮ್ಮೆ, ಪೂಲ್ ಅನ್ನು ಮರುಪ್ರಾರಂಭಿಸುತ್ತದೆ. ಆ ಕ್ಷಣ ಕಚೇರಿ ವೇಳೆಯಲ್ಲಿ ಬಿದ್ದರೆ ಸರತಿಯಲ್ಲಿ ನಿಂತವರಿಗೆ ತೊಂದರೆ. ಇದನ್ನು ರಾತ್ರಿಯ ನಿಗದಿತ ವೇಳೆಗೆ ಬದಲಿಸುವುದು, ಸೆಷನ್ ಅನ್ನು ದತ್ತಸಂಚಯಕ್ಕೆ ವರ್ಗಾಯಿಸುವುದು ಇದಕ್ಕೆ ಪರಿಹಾರ. ಹಲವು ಸರ್ವರ್‌ಗಳು ಒಟ್ಟಾಗಿ ದುಡಿಯುವಲ್ಲಿ ಎಲ್ಲಕ್ಕೂ ಒಂದೇ 'ಮಷೀನ್ ಕೀ' ಇರುವುದೂ ಅನಿವಾರ್ಯ.

ಕನ್ನಡದ ತೊಡಕುಗಳು

ವಿಂಡೋಸ್ 2000ದಲ್ಲಿ ಕನ್ನಡ ಲಿಪಿಗೆ ಬೆಂಬಲವಿರಲಿಲ್ಲ. 2001ರ ಎಕ್ಸ್‌ಪಿಯೊಂದಿಗೆ 'ತುಂಗಾ' ಅಕ್ಷರಶೈಲಿ ಬಂದಿತು. ಆದ್ದರಿಂದ ಅಂದಿನ ಕನ್ನಡ ದತ್ತಾಂಶ ಯೂನಿಕೋಡ್‌ಗಿಂತ ಭಿನ್ನವಾದ ಸಂಕೇತಗಳಲ್ಲಿ ಶೇಖರವಾಗುವುದು ಸಾಮಾನ್ಯವಾಗಿತ್ತು. ಅದನ್ನು ಜಾಲಕ್ಕೆ ತರುವಾಗ ಪರಿವರ್ತನೆ ಅಗತ್ಯ. ದತ್ತಸಂಚಯದ ಅಂಕಣವು ಯೂನಿಕೋಡ್ ಬಗೆಯದಲ್ಲದಿದ್ದರೆ ರೈತನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಒಮ್ಮೆ ಹಾಗೆ ಶೇಖರವಾದರೆ ಮೂಲ ಹೆಸರನ್ನು ಅದರಿಂದ ಮರಳಿ ಪಡೆಯಲಾಗದು. ಮುದ್ರಣದ ಪ್ರತಿಯನ್ನು ಸರ್ವರ್ ತಾನೇ ಸಿದ್ಧಪಡಿಸುವುದಾದರೆ ಅಲ್ಲಿಯೂ ಸರಿಯಾದ ಕನ್ನಡ ಅಕ್ಷರಶೈಲಿ ಇರಬೇಕು. ಇಲ್ಲವಾದರೆ ಒತ್ತಕ್ಷರಗಳು ಕಳಚಿಕೊಳ್ಳುತ್ತವೆ.

ದಿನಾಂಕದ್ದು ಇನ್ನೂ ಸೂಕ್ಷ್ಮ. ಸರ್ವರ್‌ನ ಪ್ರಾದೇಶಿಕ ಹೊಂದಾಣಿಕೆ ಅಮೆರಿಕದ್ದಾಗಿಯೇ ಉಳಿದರೆ 05-06-2004 ಎಂಬುದನ್ನು ಜೂನ್ 5ರ ಬದಲು ಮೇ 6 ಎಂದು ಓದುತ್ತದೆ. 25-06-2004 ಎಂದಿದ್ದರೆ ದೋಷ ತೋರಿಸುತ್ತದೆ. ಆದರೆ ತಿಂಗಳ ಮೊದಲ 12 ದಿನಗಳ ದಿನಾಂಕಗಳು ಯಾವ ಸೂಚನೆಯೂ ಇಲ್ಲದೆ ತಿರುವುಮುರುವಾಗುತ್ತವೆ. ಖಾತೆ ಬದಲಾವಣೆಯ ಆಕ್ಷೇಪಣಾ ಅವಧಿಯನ್ನು ದಿನಾಂಕದಿಂದಲೇ ಎಣಿಸುವ ದಾಖಲೆಯಲ್ಲಿ ಇದು ಸಣ್ಣ ತಪ್ಪಲ್ಲ.

ಸ್ಥಳನಾಮಗಳೂ ಸ್ಥಿರವಲ್ಲ. ಬಿಜಾಪುರ ಜಿಲ್ಲೆ 2014ರಲ್ಲಿ ವಿಜಯಪುರವಾಯಿತು. ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆ 2018ರಲ್ಲಿ ಪ್ರತ್ಯೇಕ ತಾಲೂಕಾಯಿತು. ಇಂತಹ ಹೆಸರುಗಳನ್ನು ತಂತ್ರಾಂಶದ ಒಳಗೇ ಬರೆದಿದ್ದರೆ ಪ್ರತಿ ಬದಲಾವಣೆಗೂ ಮರುಸ್ಥಾಪನೆ ಬೇಕಾಗುತ್ತದೆ. ದತ್ತಸಂಚಯದ ಪಟ್ಟಿಯಲ್ಲಿದ್ದರೆ ಆ ಪಟ್ಟಿಯನ್ನು ತಿದ್ದಿದರೆ ಸಾಕು.

ತಯಾರಕರ ಪಂಚಾಂಗ

ಸ್ಥಾಪನೆ ಒಂದೆರಡು ದಿನಗಳ ಕೆಲಸ, ಪಾಲನೆ ವರ್ಷಗಳದ್ದು. 2001ರ ಜುಲೈ ತಿಂಗಳಲ್ಲಿ 'ಕೋಡ್ ರೆಡ್' ಎಂಬ ಹುಳು ಐಐಎಸ್‌ನ ಒಂದು ದೋಷದ ಮೂಲಕ ಒಂದೇ ದಿನದಲ್ಲಿ ಜಗತ್ತಿನ 3.5 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹರಡಿತು. ಆ ದೋಷದ ಪರಿಹಾರವನ್ನು ಮೈಕ್ರೋಸಾಫ್ಟ್ ಜೂನ್ ತಿಂಗಳಲ್ಲಿಯೇ ಬಿಡುಗಡೆ ಮಾಡಿತ್ತು, ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 2000ಕ್ಕೆ ಇಂತಹ ಪರಿಹಾರಗಳು 2010ರ ಜುಲೈನಲ್ಲಿ, 2003ರ ಆವೃತ್ತಿಗೆ 2015ರ ಜುಲೈನಲ್ಲಿ, 2008ರದಕ್ಕೆ 2020ರ ಜನವರಿಯಲ್ಲಿ, 2012ರದಕ್ಕೆ 2023ರ ಅಕ್ಟೋಬರ್‌ನಲ್ಲಿ ನಿಂತವು. 2016ರ ಆವೃತ್ತಿಗೆ ನಿಗದಿಯಾಗಿರುವ ಗಡುವು 2027ರ ಜನವರಿ 12.

ಇದು ಮೈಕ್ರೋಸಾಫ್ಟ್‌ಗೆ ಸೀಮಿತವಾದ ಮಾತಲ್ಲ. ಆಪಲ್ ಸಂಸ್ಥೆ 2007ರ ಲೆಪರ್ಡ್ ಆವೃತ್ತಿಯೊಂದಿಗೆ 'ರೂಬಿ ಆನ್ ರೈಲ್ಸ್' ಫ್ರೇಮ್‌ವರ್ಕ್ ಅನ್ನು ಸೇರಿಸಿಯೇ ಕೊಟ್ಟಿತ್ತು. 2011ರ ಜನವರಿಯಲ್ಲಿ ತನ್ನ ಎಕ್ಸ್‌ಸರ್ವ್ ಯಂತ್ರಗಳ ಮಾರಾಟವನ್ನು ನಿಲ್ಲಿಸಿತು; 2022ರ ಏಪ್ರಿಲ್‌ನಲ್ಲಿ ಸರ್ವರ್ ತಂತ್ರಾಂಶವನ್ನೇ ಕೈಬಿಟ್ಟಿತು.

2016ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್ ಕೋರ್ ಲಿನಕ್ಸ್ ಮೇಲೆಯೂ ಓಡುತ್ತದೆಯಾದ್ದರಿಂದ ಒಬ್ಬನೇ ತಯಾರಕನ ಹಂಗು ತಗ್ಗಿದೆ. ಆದರೆ ಹಳೆಯ ಎಎಸ್‌ಪಿಎಕ್ಸ್ ಪುಟಗಳು ಅದರಲ್ಲಿ ನೇರವಾಗಿ ಓಡುವುದಿಲ್ಲ. ಅವನ್ನು ಮರಳಿ ಬರೆಯಬೇಕು. ಆ ವೆಚ್ಚವನ್ನು ಮುಂದೂಡಿದಷ್ಟೂ ಅಪಾಯ ಬೆಳೆಯುತ್ತದೆ.

ಸರ್ವರ್ ನಿಂತರೆ ನಿಲ್ಲುವುದು ಪುಟ ಮಾತ್ರವಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ ಹೊರಗಿನಿಂದ ಕೃತಕ ದಟ್ಟಣೆಯ ದಾಳಿ ನಡೆದಾಗ ರಾಜ್ಯದಾದ್ಯಂತ ನೋಂದಣಿಗೆ ಅಡ್ಡಿಯಾಗಿತ್ತು. ಉತಾರ ದೊರೆಯದಿದ್ದರೆ ಬೆಳೆಸಾಲದ ಕಾಗದ ಮುಂದೆ ಸಾಗದು. ಆದ್ದರಿಂದ ಸಹಕಾರ ಸಂಘವಿರಲಿ, ಪುರಸಭೆಯಿರಲಿ, ಇಂತಹ ವ್ಯವಸ್ಥೆಯನ್ನು ಕೊಳ್ಳುವವರು ಗುತ್ತಿಗೆದಾರನಿಗೆ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಈ ಸರ್ವರ್ ಆವೃತ್ತಿಗೆ ಬೆಂಬಲ ಎಂದಿನವರೆಗೆ? ಪ್ರತಿ ತಿಂಗಳ ಪರಿಹಾರಗಳನ್ನು ಅಳವಡಿಸುವವರು ಯಾರು? ಉಳಿಸಿಟ್ಟ ನಕಲಿನಿಂದ ದತ್ತಸಂಚಯವನ್ನು ಮರಳಿ ಕಟ್ಟಿ ನೋಡಿದ್ದು ಎಂದು? ಉತ್ತರಗಳು ಕರಾರುಪತ್ರದಲ್ಲಿ ಲಿಖಿತವಾಗಿರಲಿ.