ಹುಲ್ಲುಗಾವಲು ತಿಂದ ಸುಣ್ಣ

ಸುಣ್ಣ ಅಂದ ಕೂಡಲೇ ನಮಗೆ ನೆನಪಾಗೋದು ಒಂದೋ ಗೋಡೆ, ಇಲ್ಲಾಂದ್ರೆ ಎಲೆ ಅಡಿಕೆ. ಇವತ್ತು ಹೇಳಹೊರಟಿರುವುದು ಸುಣ್ಣ ತಿನ್ನುವ ಒಂದು ಹುಲ್ಲುಗಾವಲಿನ ಕಥೆ.

ಇಂಗ್ಲೆಂಡಿನ ಹಾರ್ಪೆಂಡನ್ ಊರಲ್ಲಿ ರೊಥಾಮ್‌ಸ್ಟೆಡ್ ಅನ್ನುವ ಹಳೆಯ ಕೃಷಿ ಸಂಶೋಧನಾ ಕೇಂದ್ರ ಇದೆ. ಅದನ್ನು ಕಟ್ಟಿದ ಜಾನ್ ಬೆನೆಟ್ ಲಾಸ್ ಸ್ವತಃ ಗೊಬ್ಬರದ ವ್ಯಾಪಾರಿ. 1842ರಲ್ಲಿ ಸೂಪರ್‌ಫಾಸ್ಫೇಟಿಗೆ ಪೇಟೆಂಟ್ ಪಡೆದವನು. 1856ರಲ್ಲಿ ಅವನೂ, ರಸಾಯನಶಾಸ್ತ್ರಜ್ಞ ಗಿಲ್ಬರ್ಟನೂ ಸೇರಿ ಸುಮಾರು 7 ಎಕರೆಯ ಹಳೇ ಹುಲ್ಲುಗಾವಲನ್ನು ತಾಕುಗಳಾಗಿ ವಿಂಗಡಿಸಿದರು. ಒಂದೊಂದು ತಾಕಿಗೆ ಒಂದೊಂದು ಗೊಬ್ಬರ, ಕೆಲವಕ್ಕೆ ಏನೂ ಇಲ್ಲ. ಒಣಹುಲ್ಲಿನ ಇಳುವರಿ ಹೇಗೆ ಹೆಚ್ಚುತ್ತೆ? ಪ್ರಶ್ನೆ ಇಷ್ಟೇ. ಇದೇ ಪಾರ್ಕ್ ಗ್ರಾಸ್ ಪ್ರಯೋಗ.

ಇಳುವರಿ ಹೆಚ್ಚಿತು. ಆದರೆ ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲೇ ಬದಲಾಗತೊಡಗಿತು. ಗೊಬ್ಬರ ಕಾಣದ ತಾಕಲ್ಲಿ ಹತ್ತಾರು ಬಗೆಯ ಹುಲ್ಲು, ಹೂಗಿಡ. ಅಮೋನಿಯಂ ಲವಣ ಧಾರಾಳವಾಗಿ ಬಿದ್ದ ತಾಕಲ್ಲಿ ಕಾಲ ಕಳೆದಂತೆ ಉಳಿದದ್ದು ಬೆರಳೆಣಿಕೆಯ ಜಾತಿಗಳು ಮಾತ್ರ.

ಕಾರಣ ಮಣ್ಣಿನೊಳಗಿತ್ತು. ಅಮೋನಿಯಂ ಅನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಮಣ್ಣು ಹುಳಿಯಾಗುತ್ತದೆ. ಅದುವರೆಗೆ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಎರೆಹುಳು ಓಡಿಹೋಗುತ್ತದೆ, ಸತ್ತ ಹುಲ್ಲು ಕೊಳೆಯದೆ ಕಂಬಳಿಯ ಹಾಗೆ ಮೇಲೆ ಕೂರುತ್ತದೆ. ಪಕ್ಕದಲ್ಲೇ ಸೋಡಿಯಂ ನೈಟ್ರೇಟ್ ಹಾಕಿದ ತಾಕುಗಳಿದ್ದವು, ಅವು ಹೀಗೆ ಹುಳಿಯಾಗಲಿಲ್ಲ. ಅಂದರೆ ತಪ್ಪು ಸಾರಜನಕದ್ದಲ್ಲ, ಅದು ಬಂದ ರೂಪದ್ದು.

ಮದ್ದು ಹೊಸದೇನಲ್ಲ. ಹೊಲಕ್ಕೆ ಸುಣ್ಣದ ಮಣ್ಣು ಹಾಕುವುದನ್ನು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದಾನೆ. 1903ರಲ್ಲಿ ಹೆಚ್ಚಿನ ತಾಕುಗಳನ್ನು ಎರಡಾಗಿ ಸೀಳಿ, ದಕ್ಷಿಣದ ಅರ್ಧಕ್ಕೆ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಸುಣ್ಣ ಹಾಕಲು ಶುರುಮಾಡಿದರು. ಗಮನಿಸಿ, ಮಣ್ಣಿನ ಹುಳಿ ಅಳೆಯಲು ನಾವು ಬಳಸುವ ಪಿಎಚ್ (ರಸಸಾರ) ಅನ್ನುವ ಅಳತೆಯೇ ಆಗ ಇರಲಿಲ್ಲ! ಡೆನ್ಮಾರ್ಕಿನ ಸೊರೆನ್ಸನ್ ಅದನ್ನು ಕೊಟ್ಟದ್ದು 1909ರಲ್ಲಿ. ಹಾಗಾದರೆ ಅದಕ್ಕೂ ಹಿಂದಿನ ಹುಳಿ ನಮಗೆ ಗೊತ್ತಾದದ್ದು ಹೇಗೆ? ಇವರು ಮಣ್ಣನ್ನು ಶೀಸೆಗಳಲ್ಲಿ ತುಂಬಿ ಎತ್ತಿಟ್ಟಿದ್ದರು. ಮುಂದಿನವರು ಅದನ್ನೇ ಅಳೆದರು.

ಉತ್ತ ಹೊಲದಲ್ಲಾದರೆ ಸುಣ್ಣವನ್ನು ಮಣ್ಣಿಗೆ ಬೆರೆಸಬಹುದು. ಹುಲ್ಲುಗಾವಲನ್ನು ಉಳುವಂತಿಲ್ಲ. ಮೇಲೆ ಚೆಲ್ಲಿದ ಸುಣ್ಣ ಮಳೆಯ ಜೊತೆ ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕು. ಲೆಕ್ಕವೂ ದುಬಾರಿ: 100 ಕೆಜಿ ಅಮೋನಿಯಂ ಸಲ್ಫೇಟಿನ ಹುಳಿ ತೀರಿಸಲು ಸುಮಾರು 110 ಕೆಜಿ ಸುಣ್ಣದಕಲ್ಲಿನ ಪುಡಿ ಬೇಕು. 1965ರಲ್ಲಿ ತಾಕುಗಳನ್ನು ಮತ್ತೆ ಸೀಳಿ ನಾಲ್ಕು ಮಾಡಿದರು. ಮೂರಕ್ಕೆ ಪಿಎಚ್ 7, 6, 5 ಇರುವಂತೆ ಸುಣ್ಣ. ನಾಲ್ಕನೆಯದಕ್ಕೆ ಇಲ್ಲ. ಅಮೋನಿಯಂ ಹೆಚ್ಚು ಬಿದ್ದ ಆ ನಾಲ್ಕನೇ ಪಟ್ಟಿಗಳಲ್ಲಿ ಪಿಎಚ್ 4ಕ್ಕಿಂತಲೂ ಕೆಳಗಿಳಿದಿದೆ.

ನನ್ನನ್ನು ಕಾಡಿದ್ದು ಆ ಪಟ್ಟಿಯೇ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಗ್ ಕಂಡರೆ ಎಲ್ಲ ಕಡೆ ಸರಿಮಾಡಿ ಮರೆತುಬಿಡುತ್ತೇವೆ. ಇಲ್ಲಿ ಮದ್ದು ಗೊತ್ತಿದ್ದೂ ಒಂದು ತುಂಡನ್ನು ಕಾಯಿಲೆಯಲ್ಲೇ ಬಿಟ್ಟಿದ್ದಾರೆ. ಅದು ಇಲ್ಲದಿದ್ದರೆ ಸುಣ್ಣ ಏನು ಮಾಡಿತು ಅಂತ ಯಾರಿಗೆ ತಿಳಿಯುತ್ತಿತ್ತು? ಒಣಹುಲ್ಲಿನ ಮೆದೆ ದೊಡ್ಡದಾಗುತ್ತಲೇ ಇದ್ದಾಗ ಕೆಳಗಿನ ಮಣ್ಣು ಕೆಡುತ್ತಿದೆ ಅಂತ ಯಾರು ನಂಬುತ್ತಿದ್ದರು? ಗೊಬ್ಬರ ಮಾರಿ ಬೆಳೆದವನೇ ಈ ಸಾಕ್ಷಿಯನ್ನು ಉಳಿಸಿಹೋದ. ತಾನು ಸತ್ತ ಮೇಲೂ ಪ್ರಯೋಗ ನಡೆಯಲಿ ಅಂತ 1889ರಲ್ಲಿ 1 ಲಕ್ಷ ಪೌಂಡ್ ಟ್ರಸ್ಟಿಗೆ ಇಟ್ಟ.

ನಮ್ಮ ಮಲೆನಾಡು, ಕರಾವಳಿಯ ಮಣ್ಣೂ ಮಳೆಗೆ ತೊಳೆದು ಹುಳಿಯಾದದ್ದೇ. ತೋಟಕ್ಕೆ ಸುಣ್ಣ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಎಲ್ಲೋ ಒಂದು ಮೂಲೆಯಲ್ಲಿ ಸುಣ್ಣ ಹಾಕದೆ ನಾಲ್ಕು ಗಜ ಬಿಟ್ಟು ನೋಡಿ. ಏನು ಕಂಡಿತು ಅಂತ ನಮಗೂ ತಿಳಿಸಿ.