ಸ್ವಲೀನತೆಯುಳ್ಳ ಮಕ್ಕಳ ವರ್ತನಾ ಚಿಕಿತ್ಸೆ

ವರ್ತನಾ ಚಿಕಿತ್ಸೆಯು ಸ್ವಲೀನತೆ ಅಥವಾ ಆಟಿಸಂ ಇರುವ ಮಕ್ಕಳಿಗೆ ಸಂವಹನ, ಆಟ, ಸ್ವಾವಲಂಬನೆ ಮೊದಲಾದ ಕೌಶಲಗಳನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಲಿಸುವ ಕ್ರಮವಾಗಿದೆ. ಮಗುವಿಗೆ ಅಪಾಯ ತರುವ ಅಥವಾ ಕಲಿಕೆಗೆ ಅಡ್ಡಿಯಾಗುವ ವರ್ತನೆಗಳ ಕಾರಣವನ್ನು ಅರಿತು ಅವುಗಳನ್ನು ತಗ್ಗಿಸುವುದೂ ಇದರ ಭಾಗವಾಗಿದೆ. ಇದರಲ್ಲಿ ಔಷಧದ ಬಳಕೆ ಇಲ್ಲ. ಹೆಸರಿನಲ್ಲಿ ‘ಚಿಕಿತ್ಸೆ’ ಎಂಬ ಪದವಿದ್ದರೂ ಇದು ಮೂಲತಃ ಒಂದು ಬೋಧನಾ ವಿಧಾನ. ಸ್ವಲೀನತೆಯನ್ನು ‘ಗುಣಪಡಿಸುವ’ ಉಪಾಯವಲ್ಲ. ಎಬಿಎ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಅನ್ವಯಿಕ ವರ್ತನಾ ವಿಶ್ಲೇಷಣೆಯು ಇದರ ಪ್ರಧಾನ ಶಾಖೆಯಾಗಿದೆ.

ಸ್ವಲೀನತೆಯ ಸ್ವರೂಪ

ಸ್ವಲೀನತೆಯು ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ, ಬಾಳಿನುದ್ದಕ್ಕೂ ಇರುವ ಒಂದು ಸ್ಥಿತಿ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಇದನ್ನು ಮೊದಲ ಬಾರಿಗೆ ಪ್ರತ್ಯೇಕ ಸ್ಥಿತಿಯಾಗಿ ವರ್ಣಿಸಿದನು. ಇತರರೊಡನೆ ಸಂವಹನ ನಡೆಸುವಲ್ಲಿ ತೊಡಕು, ಒಂದೇ ಬಗೆಯ ಚಟುವಟಿಕೆಯ ಪುನರಾವರ್ತನೆ, ದಿನಚರಿಯ ಬದಲಾವಣೆಯನ್ನು ಸಹಿಸದಿರುವುದು, ಶಬ್ದ, ಬೆಳಕು ಹಾಗೂ ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಪ್ರತಿಕ್ರಿಯಿಸುವುದು ಇದರ ಲಕ್ಷಣಗಳು. ಮಾತೇ ಬಾರದ ಮಗುವಿನಿಂದ ಹಿಡಿದು ನಿರರ್ಗಳವಾಗಿ ಮಾತನಾಡಿಯೂ ಗೆಳೆಯರ ಇಂಗಿತ ಅರಿಯದ ಮಗುವಿನವರೆಗೆ ಇದರ ವ್ಯಾಪ್ತಿ ಇರುವುದರಿಂದ, 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ಐದನೆಯ ಆವೃತ್ತಿಯು ಹಿಂದಿನ ಬೇರೆ ಬೇರೆ ಹೆಸರುಗಳನ್ನು ಕೈಬಿಟ್ಟು ‘ಸ್ವಲೀನತಾ ವರ್ಣಪಟಲ’ ಎಂಬ ಒಂದೇ ವರ್ಗವನ್ನು ಸ್ವೀಕರಿಸಿತು.

ತಾಯಿಯ ಮಮತೆಯ ಕೊರತೆಯೇ ಸ್ವಲೀನತೆಗೆ ಕಾರಣವೆಂಬ ವಾದವು 20ನೆಯ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ವೈದ್ಯರಲ್ಲಿಯೇ ಪ್ರಚಲಿತವಾಗಿತ್ತು. ಅದು ಸಂಪೂರ್ಣ ತಪ್ಪೆಂದು ಸಿದ್ಧವಾಗಿದೆ. ಅನುವಂಶೀಯತೆಯ ಪಾತ್ರವೇ ಇಲ್ಲಿ ಹಿರಿದು. ಆದರೂ ಮಗು ಮಾತನಾಡದಿದ್ದರೆ ತಾಯಿಯನ್ನೇ ಹೊಣೆ ಮಾಡುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ.

ಇತಿಹಾಸ

ವರ್ತನಾ ಚಿಕಿತ್ಸೆಯ ತಾತ್ತ್ವಿಕ ತಳಹದಿಯು ಬಿ. ಎಫ್. ಸ್ಕಿನ್ನರನ ಕ್ರಿಯಾಜನ್ಯ ಅನುಬಂಧನ ಸಿದ್ಧಾಂತ. ಒಂದು ವರ್ತನೆಯ ಬೆನ್ನಿಗೆ ಹಿತಕರವಾದ ಫಲ ದೊರೆತರೆ ಆ ವರ್ತನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ಸಾರ. ಶಿಕ್ಷಕ ತರಬೇತಿಯ ಪಠ್ಯಗಳಲ್ಲಿ ಇದು ‘ಪುನರ್ಬಲನ’ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಈ ತತ್ತ್ವವನ್ನು ಸ್ವಲೀನತೆಯುಳ್ಳ ಮಗುವಿಗೆ ಅನ್ವಯಿಸಿದ ಆರಂಭದ ಪ್ರಸಿದ್ಧ ನಿದರ್ಶನವನ್ನು ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಹೇಡನ್ ಮೀಸ್ 1964ರಲ್ಲಿ ಪ್ರಕಟಿಸಿದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದ ಮೂರೂವರೆ ವರ್ಷದ ಬಾಲಕನೊಬ್ಬ ಕನ್ನಡಕ ಧರಿಸಲು ಒಪ್ಪುತ್ತಿರಲಿಲ್ಲ. ಧರಿಸದಿದ್ದರೆ ದೃಷ್ಟಿಯೇ ನಷ್ಟವಾಗುವ ಭಯವಿತ್ತು. ಮೊದಲು ಬರಿಯ ಚೌಕಟ್ಟನ್ನು ಮುಟ್ಟಿದ್ದಕ್ಕೆ, ಬಳಿಕ ಎತ್ತಿದ್ದಕ್ಕೆ, ಅನಂತರ ಕಣ್ಣಿನ ಬಳಿ ತಂದದ್ದಕ್ಕೆ ತಿನಿಸಿನ ತುಣುಕುಗಳನ್ನು ಕೊಡುತ್ತಾ ಹೋದ ಸಂಶೋಧಕರು ಕೊನೆಗೆ ಅವನು ದಿನದಲ್ಲಿ ಹಲವು ಗಂಟೆ ಕನ್ನಡಕ ಧರಿಸುವಂತೆ ಮಾಡಿದರು. 1968ರಲ್ಲಿ ಅನ್ವಯಿಕ ವರ್ತನಾ ವಿಶ್ಲೇಷಣೆಗೆಂದೇ ಮೀಸಲಾದ ನಿಯತಕಾಲಿಕೆ ಅಮೆರಿಕದಲ್ಲಿ ಪ್ರಾರಂಭವಾಯಿತು.

ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐವರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು. ವಾರಕ್ಕೆ 40 ಗಂಟೆಯಂತೆ ಎರಡು ಅಥವಾ ಹೆಚ್ಚು ವರ್ಷ ಬೋಧನೆ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಪೂರೈಸಿ, ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಸರಾಸರಿ ಮಟ್ಟ ಮುಟ್ಟಿದರೆಂದು ಅದು ವರದಿ ಮಾಡಿತು. ಮಕ್ಕಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿರಲಿಲ್ಲವೆಂಬ ಆಕ್ಷೇಪ ಕೂಡಲೇ ಬಂದಿತು. ಆದರೆ ‘40 ಗಂಟೆ’ ಎಂಬ ಸಂಖ್ಯೆ ಮಾತ್ರ ಪೋಷಕರ ಮನಸ್ಸಿನಲ್ಲಿ ಬೇರೂರಿತು. ಅಷ್ಟು ಗಂಟೆಗಳನ್ನು ಕೊಡಿಸಲಾರದ ಕುಟುಂಬಗಳು ತಾವು ಮಗುವಿಗೆ ಅನ್ಯಾಯ ಮಾಡುತ್ತಿದ್ದೇವೆಂದು ಕೊರಗುವುದಕ್ಕೆ ಈ ಸಂಖ್ಯೆಯೂ ಒಂದು ಕಾರಣ.

ಬೋಧನಾ ವಿಧಾನ

ಚಿಕಿತ್ಸಕರು ಪ್ರತಿಯೊಂದು ವರ್ತನೆಯನ್ನೂ ಮೂರು ಭಾಗಗಳಲ್ಲಿ ನೋಡುತ್ತಾರೆ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಅದರ ಬೆನ್ನಿಗೆ ಏನು ದೊರೆಯಿತು. ಊಟಕ್ಕೆ ಕುಳಿತಾಗಲೆಲ್ಲ ತಟ್ಟೆ ಎಸೆಯುವ ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ವಾರ ಬರೆದಿಟ್ಟ ಟಿಪ್ಪಣಿಯಿಂದ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುವಾಗ ಮಾತ್ರ ತಟ್ಟೆ ಹಾರುತ್ತದೆ ಹಾಗೂ ಎಸೆದೊಡನೆ ಮಗುವನ್ನು ಹೊರಗೆ ಕರೆದೊಯ್ಯಲಾಗುತ್ತದೆ ಎಂದು ತಿಳಿದುಬಂದರೆ, ಆ ವರ್ತನೆ ಹಟವಲ್ಲ, ಸದ್ದಿನಿಂದ ಪಾರಾಗುವ ದಾರಿ ಎಂಬುದು ಸ್ಪಷ್ಟವಾಗುತ್ತದೆ. ಆಗ ಮಾಡಬೇಕಾದುದು ಎರಡು: ಊಟದ ಹೊತ್ತಿನಲ್ಲಿ ಮಿಕ್ಸಿ ನಿಲ್ಲಿಸುವುದು, ಮತ್ತು ‘ಬೇಡ’ ಅಥವಾ ‘ಹೊರಗೆ’ ಎಂಬುದನ್ನು ಮಾತಿನಿಂದಲೋ ಸನ್ನೆಯಿಂದಲೋ ಚಿತ್ರದಿಂದಲೋ ತಿಳಿಸಲು ಕಲಿಸುವುದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿಕೊಟ್ಟ ಈ ಕ್ರಮವೇ ಇಂದಿನ ಉತ್ತಮ ವರ್ತನಾ ಚಿಕಿತ್ಸೆಯ ತಿರುಳು. ಕಾರಣ ಹುಡುಕದೆ ವರ್ತನೆಯನ್ನು ಅದುಮಿದರೆ ಅದು ಮತ್ತೊಂದು ರೂಪದಲ್ಲಿ ತಲೆಯೆತ್ತುವುದು ಸಾಮಾನ್ಯ.

ಹೊಸ ಕೌಶಲವನ್ನು ಕಲಿಸುವಾಗ ಅದನ್ನು ಬಿಡಿ ಹಂತಗಳಾಗಿ ಒಡೆಯಲಾಗುತ್ತದೆ. ಕೈ ತೊಳೆಯುವ ಕೆಲಸದಲ್ಲಿ ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸುವುದು ಎಂಬ ಏಳು ಹಂತಗಳಿವೆ. ಹಲವು ಬಾರಿ ಕೊನೆಯ ಹಂತವನ್ನೇ ಮೊದಲು ಕಲಿಸುತ್ತಾರೆ. ಒರೆಸುವುದನ್ನು ಮಗು ತಾನೇ ಮಾಡಿದರೆ ಕೆಲಸ ಮುಗಿಸಿದ ತೃಪ್ತಿ ಅದಕ್ಕೆ ಪ್ರತಿಸಲವೂ ದಕ್ಕುತ್ತದೆ. ಆರಂಭದಲ್ಲಿ ಕೈ ಹಿಡಿದು ಮಾಡಿಸಿ, ಬಳಿಕ ಬೆರಳು ತೋರಿಸಿ, ಕ್ರಮೇಣ ಆ ನೆರವನ್ನೂ ಹಿಂತೆಗೆದುಕೊಳ್ಳಲಾಗುತ್ತದೆ. ಪುನರ್ಬಲನವು ಮಗುವಿಗೆ ನಿಜವಾಗಿ ಪ್ರಿಯವಾದುದಾಗಿರಬೇಕು: ಒಂದು ಮಗುವಿಗೆ ಕಡಲೆಪುರಿ, ಇನ್ನೊಂದಕ್ಕೆ ಸೋಪಿನ ಗುಳ್ಳೆ, ಮತ್ತೊಂದಕ್ಕೆ ಉಯ್ಯಾಲೆ.

ಲೋವಾಸನ ಮೂಲ ಪದ್ಧತಿಯಲ್ಲಿ ಮಗು ಮೇಜಿನ ಮುಂದೆ ಕುಳಿತು ಒಂದೇ ಪಾಠವನ್ನು ಬಿಡಿಬಿಡಿ ಸರದಿಗಳಲ್ಲಿ ಅಭ್ಯಾಸ ಮಾಡುತ್ತಿತ್ತು. ಮೇಜಿನ ಬಳಿ ಕಲಿತದ್ದು ಅಲ್ಲಿಯೇ ಉಳಿದು, ಮನೆಯಲ್ಲಿ ಬಳಕೆಗೆ ಬಾರದಿರುವುದು ಇದರ ದೊಡ್ಡ ದೋಷ. ಆದ್ದರಿಂದ ನಂತರದ ಪದ್ಧತಿಗಳು ಆಟದ ನಡುವೆ, ಮಗುವಿನ ಆಸಕ್ತಿಯನ್ನೇ ಅನುಸರಿಸಿ ಕಲಿಸುವತ್ತ ಹೊರಳಿದವು. ರಾಬರ್ಟ್ ಮತ್ತು ಲಿನ್ ಕೆಗೆಲ್ ದಂಪತಿಗಳ ಪದ್ಧತಿ, ಸ್ಯಾಲಿ ರಾಜರ್ಸ್ ಮತ್ತು ಜೆರಾಲ್ಡೀನ್ ಡಾಸನ್ ರೂಪಿಸಿದ ‘ಅರ್ಲಿ ಸ್ಟಾರ್ಟ್ ಡೆನ್ವರ್’ ಮಾದರಿ ಈ ಬಗೆಯವು. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಚಿತ್ರ ವಿನಿಮಯ ಪದ್ಧತಿಯಲ್ಲಿ ಮಾತು ಬಾರದ ಮಗು ತನಗೆ ಬೇಕಾದುದರ ಚಿತ್ರವನ್ನು ಎದುರಿಗಿರುವವರ ಕೈಗೆ ಕೊಟ್ಟು ಕೇಳಲು ಕಲಿಯುತ್ತದೆ. ಚಿತ್ರ ಬಳಸಿದರೆ ಮಾತು ಬರುವುದಿಲ್ಲವೆಂಬ ಭಯ ನಿರಾಧಾರವಾದುದು.

ಪರಿಣಾಮ ಮತ್ತು ಟೀಕೆ

ಆರಂಭಿಕ ತೀವ್ರ ವರ್ತನಾ ಬೋಧನೆಯನ್ನು ಕುರಿತ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆಗೆ ದೊರೆತದ್ದು ಒಟ್ಟು 219 ಮಕ್ಕಳನ್ನೊಳಗೊಂಡ 5 ಅಧ್ಯಯನಗಳು ಮಾತ್ರ. ಅವುಗಳಲ್ಲಿ ಯಾದೃಚ್ಛಿಕ ಪ್ರಯೋಗ ಒಂದೇ ಒಂದು. ದೈನಂದಿನ ಕೌಶಲ, ಬುದ್ಧಿಶಕ್ತಿ ಹಾಗೂ ಭಾಷೆಯಲ್ಲಿ ಪ್ರಗತಿ ಕಂಡುಬಂದರೂ ಆಧಾರ ದುರ್ಬಲವೆಂದು ಪರಾಮರ್ಶಕರು ತೀರ್ಮಾನಿಸಿದರು. ಆದುದರಿಂದ ‘ಇಷ್ಟು ತಿಂಗಳಲ್ಲಿ ಮಗು ಸಾಮಾನ್ಯನಾಗುತ್ತಾನೆ’ ಎಂಬ ಭರವಸೆಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಟೀಕೆಯ ಮತ್ತೊಂದು ಧಾರೆ ಸ್ವಲೀನತೆಯುಳ್ಳ ವಯಸ್ಕರಿಂದಲೇ ಬಂದಿದೆ. ಆರಂಭದ ದಶಕಗಳಲ್ಲಿ ಗದರಿಕೆ, ಹೊಡೆತ, ಕೆಲವೆಡೆ ವಿದ್ಯುತ್ ಆಘಾತ ಸಹ ಬಳಕೆಯಲ್ಲಿದ್ದುದು ದಾಖಲಾಗಿರುವ ಸಂಗತಿ. ಶಿಕ್ಷೆಯನ್ನು ಬಹುಪಾಲು ಚಿಕಿತ್ಸಕರು ತೊರೆದ ಮೇಲೂ ಮೂಲ ಪ್ರಶ್ನೆ ಉಳಿದುಕೊಂಡಿತು: ಯಾರಿಗೂ ಹಾನಿ ಮಾಡದ ಕೈ ಬೀಸುವಿಕೆಯನ್ನು ಬಿಡಿಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಒತ್ತಾಯಿಸುವುದು ಮಗುವಿನ ಹಿತಕ್ಕೋ, ನೋಡುವವರ ಸಮಾಧಾನಕ್ಕೋ? ಸ್ವತಃ ಸ್ವಲೀನತೆಯುಳ್ಳ ಕೆನಡಾದ ಸಂಶೋಧಕಿ ಮಿಶೆಲ್ ಡಾಸನ್ 2004ರಲ್ಲಿ ಬರೆದ ಲೇಖನವು ಈ ಚರ್ಚೆಯನ್ನು ನೈತಿಕತೆಯ ನೆಲೆಗೆ ತಂದಿತು. ಈ ಟೀಕೆಯಲ್ಲಿ ಹುರುಳಿದೆ. ‘ನೀರು ಬೇಕು’ ಎಂದು ಕೇಳಲು ಕಲಿಸುವುದಕ್ಕೂ ಸುಮ್ಮನೆ ಕೈಕಟ್ಟಿ ಕೂರಲು ಕಲಿಸುವುದಕ್ಕೂ ಬಳಸುವ ತಂತ್ರ ಒಂದೇ ಆಗಿರಬಹುದು, ಗುರಿಗಳು ಬೇರೆ.

ಭಾರತದಲ್ಲಿ ಲಭ್ಯತೆ

ಹೆಸರು ಹಿಡಿದು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಬಂದಿದ್ದ ಮಾತು ನಿಂತುಹೋಗುವುದು ಮುಂತಾದವು ಕಂಡುಬಂದರೆ ತಜ್ಞರನ್ನು ಕಾಣಬೇಕು. ‘ಗಂಡುಮಕ್ಕಳಿಗೆ ಮಾತು ತಡ’ ಎಂಬ ಹಿರಿಯರ ಸಮಾಧಾನದಿಂದ ಅಮೂಲ್ಯವಾದ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. ಶ್ರವಣದೋಷವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ. ರೋಗನಿರ್ಣಯದ ಕಾಗದ ಕೈಸೇರುವವರೆಗೆ ಸಂವಹನದ ಬೋಧನೆಯನ್ನು ತಡೆಹಿಡಿಯಬೇಕಾಗಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಸರಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಸಿ, ಅಗತ್ಯವಿರುವವರನ್ನು ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿಗೆ ಕಳುಹಿಸುತ್ತವೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಹಾಗೂ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಮುಖ ಸಾರ್ವಜನಿಕ ಕೇಂದ್ರಗಳು. ಖಾಸಗಿ ಕೇಂದ್ರಗಳು ಹೆಚ್ಚಾಗಿ ನಗರಗಳಲ್ಲಿವೆ. ಅಲ್ಲಿ ಗಂಟೆಯ ಲೆಕ್ಕದಲ್ಲಿ ಶುಲ್ಕ ತೆರಬೇಕಾಗುವುದರಿಂದ ಹಲವರಿಗೆ ಅವು ಎಟುಕುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ. ಪ್ರಮಾಣಪತ್ರಕ್ಕಾಗಿ 40 ಅಂಶಗಳುಳ್ಳ ಭಾರತೀಯ ಸ್ವಲೀನತಾ ಮಾಪನವನ್ನು ಬಳಸುತ್ತಾರೆ. 70 ಅಥವಾ ಹೆಚ್ಚಿನ ಅಂಕ ಸ್ವಲೀನತೆಯನ್ನು ಸೂಚಿಸುತ್ತದೆ. ವೈಕಲ್ಯವು ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. 1999ರ ಕಾಯಿದೆಯಡಿ ರೂಪುಗೊಂಡ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯು ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುತ್ತದೆ. ಸಾಮಾನ್ಯ ವಿಮೆಗಳಲ್ಲಿ ವಿರಳವಾದ ಹೊರರೋಗಿ ವೆಚ್ಚ ಹಾಗೂ ಥೆರಪಿ ವೆಚ್ಚಗಳೂ ಇದರ ಒಳಗೆ ಬರುತ್ತವೆ.

ಪೋಷಕರ ಪಾತ್ರ

ತಜ್ಞರ ಕೊರತೆಯಿರುವ ದೇಶಗಳಲ್ಲಿ ಪೋಷಕರಿಗೇ ತರಬೇತಿ ನೀಡುವ ಮಾರ್ಗ ಮಹತ್ವ ಪಡೆದಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗಳಿಗೆ ಮಾರ್ಗದರ್ಶನ ನೀಡಿದರು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಹಾಗೂ ಮಗು ತಾನಾಗಿ ಸಂವಹನ ಆರಂಭಿಸುವ ಪ್ರಮಾಣ ಎರಡೂ ಉತ್ತಮಗೊಂಡವು. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ವರ್ತನಾ ಚಿಕಿತ್ಸೆಯಲ್ಲ; ಆದರೆ ದೂರದ ಕೇಂದ್ರಕ್ಕೆ ಹೋಗಲಾರದ ಕುಟುಂಬಗಳ ಮಟ್ಟಿಗೆ ಬಹು ಪ್ರಸ್ತುತವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಆರೈಕೆದಾರರ ತರಬೇತಿಯೂ 9 ಗುಂಪು ಪಾಠಗಳು ಮತ್ತು 3 ಮನೆಭೇಟಿಗಳ ಮೂಲಕ ಇದನ್ನೇ ಮಾಡುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಮನೆಮಾತು ಕನ್ನಡವಾಗಿದ್ದರೂ ‘ಗೊಂದಲವಾಗದಿರಲಿ’ ಎಂದು ಮಗುವಿನೊಡನೆ ಇಂಗ್ಲಿಷ್ ಮಾತ್ರ ಆಡುವಂತೆ ಸಲಹೆ ನೀಡುವುದುಂಟು. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಸ್ವಲೀನತೆಯುಳ್ಳ ಮಕ್ಕಳ ಭಾಷಾ ಬೆಳವಣಿಗೆ ಕುಂಠಿತವಾಗುವುದೆಂದು ಅಧ್ಯಯನಗಳು ತೋರಿಸಿಲ್ಲ. ಅಜ್ಜಿಯೊಡನೆ ಆಡಲಾಗದ ಭಾಷೆಯಲ್ಲಿ ಕಲಿತ ಹತ್ತು ಪದಗಳು ಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಾರವು.

ಕೇಂದ್ರದ ಆಯ್ಕೆ

ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು ಹಾಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಸಲ್ಲದು. ಮಗುವಿಗೆ ಏನನ್ನು, ಏಕೆ ಕಲಿಸಲಾಗುತ್ತಿದೆ ಎಂಬ ಲಿಖಿತ ಗುರಿಗಳಿರಬೇಕು. ಪ್ರಗತಿಯ ದಾಖಲೆಯನ್ನು ಪೋಷಕರಿಗೆ ತೋರಿಸಬೇಕು. ಪಾಠದ ಸಮಯದಲ್ಲಿ ಪೋಷಕರು ಒಳಗೆ ಬರುವಂತಿಲ್ಲವೆಂದು ನಿರ್ಬಂಧಿಸುವ ಅಥವಾ ಅಳುವ ಮಗುವನ್ನು ಬಲವಂತವಾಗಿ ಹಿಡಿದು ಕೂರಿಸುವ ಕೇಂದ್ರವನ್ನು ತೊರೆಯುವುದೇ ಲೇಸು.

ಆಕರಕೋಶ ಚಿಕಿತ್ಸೆ, ದೇಹದಿಂದ ಲೋಹಗಳನ್ನು ಹೊರಹಾಕುವ ಔಷಧಗಳು ಮುಂತಾದವನ್ನು ವರ್ತನಾ ಚಿಕಿತ್ಸೆಯ ಜೊತೆಗೆ ಸೇರಿಸಿ ಮಾರುವವರೂ ಇದ್ದಾರೆ. ಸ್ವಲೀನತೆಗೆ ಆಕರಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯು 2022ರಲ್ಲಿ ಸ್ಪಷ್ಟಪಡಿಸಿದೆ.