ಊರೋರು, ಕಾಲೋನಿಯೋರು

ಚನ್ನರಾಯಪಟ್ಟಣದಲ್ಲಿ ಮೊನ್ನೆ ಒಂದು ಬೀಗರೂಟ. ನನ್ನ ಪಕ್ಕದ ಎಲೆಗೆ ಕೂತಿದ್ದ ಯುವಕ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಅಲ್ಲಿ ಬಿಳಿಯರಿಗೆ ಹುಟ್ಟಿನಿಂದಲೇ ದಕ್ಕುವ ಅನುಕೂಲಗಳು ಅವರ ಕಣ್ಣಿಗೇ ಬೀಳುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ‘ವೈಟ್ ಪ್ರಿವಿಲೇಜ್’ ಎಂಬ ಮಾತು ಅವನ ಬಾಯಲ್ಲಿ ಮತ್ತೆ ಮತ್ತೆ ಬಂತು. ಎದುರು ಸಾಲಿನಲ್ಲಿದ್ದ ಅವನ ದೊಡ್ಡಪ್ಪ ಒಪ್ಪಲಿಲ್ಲ. “ಅಲ್ಲ ಕಣಪ್ಪ, ಬಿಳಿಯರಲ್ಲಿ ಬಡವರಿಲ್ವಾ? ತಿನ್ನೋಕಿಲ್ಲದೋನು ಬಣ್ಣ ಇಟ್ಕೊಂಡು ಏನ್ ಮಾಡ್ತಾನೆ?” ಅಷ್ಟರಲ್ಲಿ ನೀರು ಬಡಿಸುತ್ತ ಬಂದ ಹುಡುಗ ಅವರ ಹಳ್ಳಿಯವನೇ ಎಂದು ಗೊತ್ತಾಯಿತು. ಯುವಕ ಪ್ರೀತಿಯಿಂದಲೇ ಕೇಳಿದ: “ಹೌದಾ? ಊರೋನಾ, ಕಾಲೋನಿಯೋನಾ?” ಹುಡುಗ “ಕಾಲೋನಿ ಅಣ್ಣಾ” ಎಂದು ಮುಂದಿನ ಎಲೆಗೆ ಹೋದ.

ದೊಡ್ಡಪ್ಪ ಕೇಳಿದ್ದಕ್ಕೆ ಉತ್ತರ ಯುವಕನ ಆ ಪ್ರಶ್ನೆಯೊಳಗೇ ಇತ್ತು ಎಂಬುದು ನನ್ನ ವಾದ. ಯುವಕ, ನೀರು ಬಡಿಸಿದ ಹುಡುಗ ಇಬ್ಬರದೂ ಒಂದೇ ಗ್ರಾಮ ಪಂಚಾಯ್ತಿ, ಒಂದೇ ಮತಗಟ್ಟೆ, ಬಸ್ಸಿಗೆ ಕೈ ಅಡ್ಡ ಹಾಕುವುದು ಒಂದೇ ಗೇಟಿನಲ್ಲಿ. ಆದರೂ ಮಾತಿನಲ್ಲಿ ಒಬ್ಬನಿಗೆ ಮಾತ್ರ ಊರಿದೆ; ಇನ್ನೊಬ್ಬನಿಗಿರುವುದು ಕಾಲೋನಿ, ಅಂದರೆ ದಲಿತರ ಕೇರಿ.

‘ಊರು’ ನಮ್ಮ ಜಿಲ್ಲೆಯವರಿಗೆ ಬಹಳ ಬೇಕಾದ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಸಾಲಾಗಿ ಹೇಳಿ ನೋಡಿ. ಒಂದರ ಬಾಲದಲ್ಲಿ ಪುರ, ಇನ್ನೊಂದರಲ್ಲಿ ಗೂಡು, ಮತ್ತೊಂದರಲ್ಲಿ ಪಟ್ಟಣ, ಒಂದರಲ್ಲೂ ಊರಿಲ್ಲ. ಆದರೂ ನಾಲ್ಕರಲ್ಲಿ ಎಲ್ಲಿ ಹುಟ್ಟಿದವನಾದರೂ ಹೇಳುವುದು ‘ನಮ್ಮೂರು’ ಎಂದೇ. ಈಗಿನ ಹುಡುಗರು ಬೆಂಗಳೂರಿಗೆ ಹೋಗಿ ‘ನೇಟಿವ್‌ಗೆ ಹೋಗ್ತಿದ್ದೀನಿ’ ಎನ್ನುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಎರಡಕ್ಷರದ ಇಂಥ ಮಾತನ್ನು ಕೊಟ್ಟು ಆ ನೇಟಿವನ್ನು ಯಾಕೆ ತಂದುಕೊಂಡರೋ!

ಈ ಮಾತಿನ ಮೂಲದ ಬಗ್ಗೆ ನನ್ನದೊಂದು ತರ್ಕವಿದೆ. ಕಾಲೂರು, ಕೋಲೂರು, ಬೇರೂರು ಎಂದಾಗ ಬರುವ ‘ಊರು’, ಅಂದರೆ ನೆಲಕ್ಕೆ ಬಲವಾಗಿ ನೆಡುವುದು, ಅದಕ್ಕೂ ನಾವು ವಾಸಿಸುವ ಊರಿಗೂ ನಂಟಿದೆ. ಪಂಡಿತರು ತಕ್ಷಣ ತಡೆಯುತ್ತಾರೆ: ಹಳಗನ್ನಡದಲ್ಲಿ ನೆಡುವ ಊಱುವಿಗೆ ಶಕಟರೇಫ, ವಾಸದ ಊರಿಗೆ ಸಾದಾ ರೇಫ, ಎರಡೂ ಬೇರೆ ಬೇರೆ. ಓಲೆಗರಿಯ ಮಟ್ಟಿಗೆ ಅವರ ಮಾತು ಸರಿ. ಆದರೆ ಶಕಟರೇಫ ನಮ್ಮ ನಾಲಗೆಯಿಂದ ಉದುರಿ ಶತಮಾನಗಳಾದವು. ಅಷ್ಟು ಕಾಲ ಒಂದೇ ಸದ್ದಿನಲ್ಲಿ ಬಾಳಿದ ಎರಡು ಮಾತುಗಳು ಒಂದಕ್ಕೊಂದು ಅರ್ಥ ಸವರದೆ ಇದ್ದಾವೆಯೇ? ಕಾಲೂರಲು ಎಡೆ ಸಿಕ್ಕವನಿಗೇ ಊರು. ಹಳೆಯ ಮೈಸೂರಿನಲ್ಲಿ ಎರಡು ಹಳ್ಳಿಗಳ ನಡುವೆ ಗಡಿಯ ವ್ಯಾಜ್ಯ ಬಂದರೆ ಕುಳವಾಡಿಯನ್ನು ಕರೆಸುತ್ತಿದ್ದರು, ಅವನು ನಡೆದು ತೋರಿಸಿದ್ದೇ ಗಡಿ ಎಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಊರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಆ ಹೊಲೆಯರ ಕುಳವಾಡಿಯ ಮನೆ ಮಾತ್ರ ಊರಾಚೆ.

ಈಗ ಗಾದೆಗೆ ಬರುತ್ತೇನೆ. ‘ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?’ ಹೊಳೆನರಸೀಪುರದ ಕಡೆ ನಮ್ಮ ಅಜ್ಜಿಯ ಬಾಯಲ್ಲಿ ಇದು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಸಾಲ ತಪ್ಪಿಸಿಕೊಂಡು ತಿರುಗುವವನಿಗೂ ಇದೇ, ಮುಖ ತೋರಿಸದ ನೆಂಟನಿಗೂ ಇದೇ. ಇವತ್ತಲ್ಲ ನಾಳೆ ಕೈಗೆ ಸಿಕ್ಕೇ ಸಿಗುತ್ತಾನೆ ಎಂಬ ಭರವಸೆ. ಗಾದೆಯೊಳಗಿನ ಚಿತ್ರವೂ ಚೆಂದ: ಹೊಸ ಸೊಸೆ ಮೊದಲ ದಿನ ಒಳಗೇ ಕೂತಿರಬಹುದು, ಆದರೆ ಕೊಡ ಹಿಡಿದು ಬಾವಿಗೆ ಬರಲೇಬೇಕಲ್ಲ, ಆಗ ನೋಡಿದರಾಯಿತು. ಈ ಗಾದೆ ಕಟ್ಟಿದವಳು ಬಾವಿಕಟ್ಟೆಯ ಮೇಲೆ ನಿಂತಿದ್ದವಳು. ಅದರಲ್ಲಿ ನನಗೆ ಕೊಂಚವೂ ಅನುಮಾನವಿಲ್ಲ. ಊರಿಗೆ ಬಂದ ಹೆಣ್ಣೆಲ್ಲ ನೀರಿಗೂ ಬರುತ್ತಾಳೆ ಎಂದು ಅಷ್ಟು ಸಲೀಸಾಗಿ ಹೇಳಲು ಅವಳಿಗೆ ಸಾಧ್ಯವಾಗಿದ್ದು ಹಗ್ಗ ಹಿಡಿದು ಸೇದಲು ಅವಳನ್ನು ಯಾರೂ ತಡೆದಿರಲಿಲ್ಲವಾದ್ದರಿಂದ. ಅದೇ ವಾರ ಕೇರಿಗೂ ಒಬ್ಬ ಸೊಸೆ ಬಂದಿರುತ್ತಾಳೆ. ಅವಳು ಕಟ್ಟೆ ಹತ್ತುವಂತಿಲ್ಲ. ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯಬೇಕು. ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಕಾಯುವಿಕೆಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬಿಸಿಲಲ್ಲಿ ನಿಂತಿದ್ದ ಆ ಹೆಂಗಸರೂ ನಮ್ಮಜ್ಜಿಯೂ ಆಡುತ್ತಿದ್ದುದು ಒಂದೇ ಕನ್ನಡ. ಈ ಗಾದೆ ಮಾತ್ರ ಒಬ್ಬರ ಬಾಳಿಗೆ ಒಪ್ಪುತ್ತಿತ್ತು, ಇನ್ನೊಬ್ಬರದಕ್ಕೆ ಒಪ್ಪುತ್ತಿರಲಿಲ್ಲ.

1927ರ ಮಾರ್ಚ್‌ನಲ್ಲಿ ಅಂಬೇಡ್ಕರ್, ದಲಿತರು ಮುಟ್ಟುವಂತಿಲ್ಲದ ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಒಂದು ಬೊಗಸೆ ನೀರು ಕುಡಿದರು. ನನ್ನ ಪಾಲಿಗೆ ಅದು ಈ ಗಾದೆಯನ್ನು ಎಲ್ಲರ ಮಟ್ಟಿಗೂ ನಿಜ ಮಾಡಲು ಹೊರಟ ನಡಿಗೆ. ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಜಾತಿಯಿಂದ ಯಾರನ್ನೂ ತಡೆಯಬಾರದ ಜಾಗಗಳನ್ನು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹಿಡಿದು ಬರೆದಿದ್ದಾರೆ. ದೇಶದ ಮೂಲ ಕಾನೂನಿನಲ್ಲಿ ಬಾವಿಯ ಹೆಸರು ಯಾಕೆ ಬರಬೇಕಾಯಿತು ಎಂಬುದು ಕಟ್ಟೆಯ ಮೇಲಿದ್ದವರಿಗೆ ಬೇಗ ಹೊಳೆಯುವುದಿಲ್ಲ.

ದೊಡ್ಡಪ್ಪನ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಹಾಸನದ ಸೀಮೆಯಲ್ಲಿ ಅಂಗಮಾರಿ ಬಿದ್ದು ಆಲೂಗಡ್ಡೆ ಹೊಲದಲ್ಲೇ ಕೊಳೆತು ಕೈ ಸುಟ್ಟುಕೊಂಡವರಿದ್ದಾರೆ. ಅರಕಲಗೂಡಿನ ಕಡೆ ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿಗೆ ದರ ಕಾಣದೆ ಸಾಲಕ್ಕೆ ಸಿಕ್ಕವರಿದ್ದಾರೆ. ಅವರನ್ನು ಕೂರಿಸಿಕೊಂಡು ‘ನಿಮಗೆ ಹುಟ್ಟಿನಿಂದ ಬಂದ ಅನುಕೂಲವಿದೆ’ ಎಂದರೆ ಕೋಪ ಬರುವುದು ಸಹಜ. ಅಮೆರಿಕದ ಬಡ ಬಿಳಿಯ ಕೂಲಿಗಳ ವಿಷಯದಲ್ಲಿ ಕಪ್ಪು ಜನಾಂಗದ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರಲ್ಲೇ ಇದನ್ನು ಯೋಚಿಸಿದ್ದರು. ಆ ಬಿಳಿಯರ ಕೂಲಿ ಕಡಿಮೆಯೇ, ಆದರೆ ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕೂಲಿಯೂ ಸಿಗುತ್ತಿತ್ತು ಎಂದರು: ಬಿಳಿಯರಾದ ಮಾತ್ರಕ್ಕೆ ಸಿಗುವ ಮರ್ಯಾದೆ, ಪಾರ್ಕಿಗೆ, ಒಳ್ಳೆಯ ಶಾಲೆಗೆ ತಡೆಯಿಲ್ಲದ ಪ್ರವೇಶ. ನಮ್ಮಲ್ಲಿ ಆ ಎರಡನೆಯ ಕೂಲಿಯ ಹೆಸರೇ ಊರು. ಬೆಳೆ ಕೈಕೊಟ್ಟ ವರ್ಷವೂ ಅದು ತಪ್ಪುವುದಿಲ್ಲ. ಬ್ಯಾಂಕಿನ ನೋಟಿಸು ಬಂದ ದಿನವೂ ಊರಿನ ರೈತ ಅರಳಿಕಟ್ಟೆಯ ಮೇಲೆ ಕೂರಬಹುದು, ದೇವಸ್ಥಾನದ ಹೊಸ್ತಿಲು ದಾಟಬಹುದು.

ಹೊಸ್ತಿಲಿನ ಮಾತು ಹಳೆಯ ಕಾಲದ್ದೆಂದು ಯಾರಾದರೂ ಅಂದುಕೊಂಡರೆ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನದೊಳಗೆ ಹೋದ ದಲಿತ ಹೆಂಗಸರಿಗೆ ದಂಡ ಹಾಕಿದ ಸುದ್ದಿ 2015ರದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನದೊಳಗೆ ಕಾಲಿಡಲು ಅಧಿಕಾರಿಗಳೂ ಪೊಲೀಸರೂ ಬಂದು ನಿಲ್ಲಬೇಕಾಗಿದ್ದು 2021ರಲ್ಲಿ. ಎರಡು ಸುದ್ದಿಯಲ್ಲೂ ‘ಊರಿನವರ ವಿರೋಧ’ ಎಂಬ ಮಾತು ಜನರ ಬಾಯಲ್ಲಿ ಓಡಾಡಿತು. ಒಳಗೆ ಹೋದವರು ಹಾಗಾದರೆ ಯಾವ ಊರಿನವರು?

‘ಸವಲತ್ತು’ ಎಂಬ ಮಾತಿನ ಮೇಲೂ ನನಗೊಂದು ದೂರಿದೆ. ಅದು ಸಲೀಸು, ಅನುಕೂಲ ಎಂಬ ಅರ್ಥದ ಮಾತು. ಪ್ರಿವಿಲೇಜಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಇವತ್ತು ನಮ್ಮ ಕಡೆ ಹೋಟೆಲಿನಲ್ಲಿ ಯಾರಾದರೂ ‘ಅವರಿಗೇನು ಬಿಡಿ, ಎಲ್ಲಾ ಸವಲತ್ತೂ ಅವರಿಗೇ’ ಎಂದರೆ ಆ ‘ಅವರು’ ಯಾರೆಂದು ಕೇಳಬೇಕಾಗಿಲ್ಲ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಒಂದು ಮನೆ ಸವಲತ್ತಾದವು. ಬಾವಿ, ಕಟ್ಟೆ, ಹೊಸ್ತಿಲು, ನೂರಾರು ವರ್ಷದಿಂದ ಉಳುತ್ತ ಬಂದ ಹೊಲ ಸವಲತ್ತಿನ ಲೆಕ್ಕಕ್ಕೇ ಬರಲಿಲ್ಲ. ದಲಿತ ಲೇಖಕ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಿದ್ದು ಇಂಥ ಮಾತು ಕೇಳಿ ಕೇಳಿಯೇ. ದಲಿತ ಕವಿ ಸಿದ್ಧಲಿಂಗಯ್ಯನವರು ತಮ್ಮದಕ್ಕೆ ‘ಊರುಕೇರಿ’ ಎಂದು ಹೆಸರಿಟ್ಟರು. ಎರಡನ್ನೂ ಒಂದೇ ಮಾತಾಗಿ ಬೆಸೆದ ಆ ಹೆಸರು ನನಗೆ ಬಹಳ ಹಿಡಿಸುತ್ತದೆ.

ಕೇರಿ ಹೋಗಿ ಕಾಲೋನಿ ಬಂತು. ಸರ್ಕಾರ ಸಾಲುಮನೆ ಕಟ್ಟಿಸಿ ಎ.ಕೆ. ಕಾಲೋನಿ ಎಂದು ಬೋರ್ಡು ಹಾಕಿತು, ಎ.ಕೆ. ಅಂದರೆ ಆದಿ ಕರ್ನಾಟಕ. ಕರ್ನಾಟಕದ ಆದಿಯಲ್ಲೇ ಇದ್ದವರು ಎಂಬ ಹೆಸರು ಹೊತ್ತವರಿಗೆ ಕರ್ನಾಟಕದ ಯಾವ ಊರೂ ಪೂರ್ತಿ ತಮ್ಮದಾಗಿಲ್ಲ. ಹಾಸನ ಪೇಟೆಯಲ್ಲಿ ಹೌಸಿಂಗ್ ಕಾಲೋನಿ ಎಂದರೆ ನೌಕರರ ಒಳ್ಳೆಯ ಬಡಾವಣೆ; ಅಲ್ಲಿಂದ ಬಸ್ಸು ಹತ್ತಿ ಹಳ್ಳಿಗೆ ಬರುವಷ್ಟರಲ್ಲಿ ಅದೇ ಮಾತಿಗೆ ಜಾತಿ ಅಂಟಿರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೊಡುವವರು ‘ಯಾವೂರು?’ ಎಂದ ಮೇಲೆ ‘ಊರಲ್ಲಿ ಮನೆ ಎಲ್ಲಿ ಬರುತ್ತೆ?’ ಎಂದು ಯಾಕೆ ಕೇಳುತ್ತಾರೆಂದು ನಮ್ಮ ಹುಡುಗರಿಗೆ ಗೊತ್ತು.

ಕೇರಳದಲ್ಲಿ 2024ರ ಜೂನ್‌ನಲ್ಲಿ ಸಚಿವ ಕೆ. ರಾಧಾಕೃಷ್ಣನ್ ಹುದ್ದೆ ಬಿಡುವ ಮುನ್ನ ಸಹಿ ಹಾಕಿದ ಆದೇಶ ಪರಿಶಿಷ್ಟರ ವಸತಿಗಳಿಗಿದ್ದ ‘ಕಾಲೋನಿ’ಯನ್ನು ತೆಗೆಸಿತು. ಅದರ ಜೊತೆ ಅವರು ‘ಊರು’ ಎಂಬುದನ್ನೂ ತೆಗೆಸಿದರು. ಅಲ್ಲಿ ಆ ಮಾತು ಆದಿವಾಸಿಗಳ ಹಾಡಿಗಳಿಗೆ ಅಂಟಿತ್ತು. ನಾವು ಎದೆಯುಬ್ಬಿಸಿ ಆಡುವ ಮಾತು ಗಡಿ ದಾಟಿದರೆ ತಲೆ ತಗ್ಗಿಸುವಂಥದ್ದು! 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಕೂಡ ಸರ್ಕಾರಿ ದಾಖಲೆಗಳಿಂದ ‘ಕಾಲೋನಿ’ ತೆಗೆಯುವುದಾಗಿ ವಿಧಾನಸಭೆಯಲ್ಲಿ ಹೇಳಿದರು.

ನಮ್ಮಲ್ಲೂ ತೆಗೆಯಬೇಕು. ಆದರೆ ಅದರ ಜಾಗಕ್ಕೆ ಇನ್ನೊಂದು ‘ನಗರ’ ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ದಿನ ಕಳೆದರೆ ಆ ನಗರವೂ ಕಾಲೋನಿಯ ಅರ್ಥವನ್ನೇ ಹೊರುತ್ತದೆ. ಪಂಚಾಯ್ತಿಯ ಮನೆ ಕಂದಾಯದ ಪುಸ್ತಕದಲ್ಲಿ, ಮತದಾರರ ಪಟ್ಟಿಯಲ್ಲಿ, ಆಧಾರ್ ಕಾರ್ಡಿನ ವಿಳಾಸದಲ್ಲಿ ಊರಿನ ಹೆಸರೊಂದೇ ಇರಲಿ, ಎಲ್ಲ ಬೀದಿಗಳಿಗೂ ಒಂದೇ ಹೆಸರು. ಬೀದಿ ಗುರುತಿಸಲು ಬೇಕಾದರೆ ಒಂದು, ಎರಡು, ಮೂರು ಎಂದು ನಂಬರು ಹಾಕಲಿ, ಮತ್ತು ಒಂದನೆಯ ನಂಬರನ್ನು ಈಗ ಕಾಲೋನಿ ಎನ್ನುತ್ತಾರಲ್ಲ, ಆ ಕಡೆಯಿಂದ ಶುರು ಮಾಡಲಿ.